ಹನ್ನೆರಡನೆಯ ಕಟಿಂಗ್

ಫೋರ್ಟಿನ ಈ ಕೋರ್ಟಿನಲ್ಲಿ ಮೂವತ್ತೊಂದು ವರ್ಷ
ಚಹಾ ಹೊತ್ತಿದ್ದೇನೆ. ಮೊಕದ್ದಮೆ ನನಗೆ ಗೊತ್ತಿರುವುದು
ಗ್ಲಾಸಿನ ಲೆಕ್ಕದಲ್ಲಿ:
ಗೆದ್ದ ವಕೀಲ ಮಸ್ಕಾ ಪಾವ್ ತರಿಸುತ್ತಾನೆ,
ಸೋತವನು ಉದ್ರಿ ಬರೆಸುತ್ತಾನೆ.

ಹದಿನಾರನೇ ಕೋಣೆಯಲ್ಲಿ, ಗೋಡೆಗೊತ್ತಿ,
ಎರಡು ಸಾಲಿನ ಸಾಗುವಾನಿ ಬೆಂಚು.
ಮೇಲೆ ಕೆಂಪು ದಾರದ ಫೈಲು, ಫ್ಯಾನಿನ ಮುರಿದ ರೆಕ್ಕೆ.
‘ಜ್ಯೂರಿ ಕೂರುತ್ತಿದ್ದ ಜಾಗ’ ಅಂದಿದ್ದರು
ಶಿರಸ್ತೇದಾರ ಪಾಠಾರೆ.
ಜ್ಯೂರಿ ಅಂದರೆ ಯಾರು ಸಾಹೇಬ್ರೆ?
‘ಹೋದವರು’ ಅಂದು ಬಿಸ್ಕಿಟು ಅದ್ದಿಕೊಂಡರು.

ಮೇ ರಜೆಗೆ ಮುಂಚೆ ಒಬ್ಬಳು ಬಂದಿದ್ದಳು,
ಒಹಾಯೋ ಕಡೆಯ ಕಾನೂನು ಓದುವ ಹುಡುಗಿ, ಮಾರ್ನಿ.
ಅವಳ ಅರ್ಧ ಹಿಂದಿ, ನನ್ನ ರಾತ್ರಿಶಾಲೆಯ ಇಂಗ್ಲಿಷು;
ಕಾಸ್‌ಲಿಸ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ
ತನ್ನ ದೇಶದ ಕೋರ್ಟು ಕಟ್ಟಿ ತೋರಿಸಿದಳು.
ನನಗೆ ಅಡುಗೆಮನೆಯಂತೆ ಕಂಡಿತು.
ರಾಜ್ಯಕ್ಕೊಂದು ಒಲೆ, ಹಾಗೆ ಐವತ್ತು.
ದೇಶದ ಒಲೆ ಬೇರೆ, ಅದಕ್ಕೆ ಮೂರು ಮಹಡಿ.
ಕೆಳಗೆ ಸಾಕ್ಷಿ, ಅಳು, ಚಾಕುವಿನ ಗುರುತು.
ನಡುಮಹಡಿಯಲ್ಲಿ ಯಾರೂ ಅಳುವಂತಿಲ್ಲ,
ಹೊಸ ಉಪ್ಪು ಹಾಕುವಂತಿಲ್ಲ.
ಮೂವರು ಕೂತು ಕೇಳುವುದು ಇಷ್ಟೇ:
ಕೆಳಗಿನವನು ಕ್ರಮ ತಪ್ಪಿದನೇ?
ತುದಿಯಲ್ಲಿ ಒಂಬತ್ತು ಜನ. ಬೇಕಾದರೆ ಸಾಯುವ ತನಕ ಕುರ್ಚಿ.
ಬಾಗಿಲಲ್ಲಿ ಸಾವಿರಾರು ಅರ್ಜಿ;
ನಾಲ್ವರು ಹೂಂ ಅಂದರೆ ಒಂದು ಒಳಗೆ.

ಮಾತು ಕೇಳದಿದ್ದರೆ ಹೊಡೆಯುವವರು ಯಾರು? ಅಂದೆ.
ಅವಳು ಪೆನ್ಸಿಲು ಕಚ್ಚಿದಳು.
‘ಕೋರ್ಟಿನ ಕೈಲಿ ಕೋಲಿಲ್ಲ, ತಿಜೋರಿಯೂ ಇಲ್ಲ, ದೂಮಣ್ಣ.
ಬರೀ ಕಾಗದ. ಉಳಿದವರು ಓದಿ ತಲೆಬಾಗಬೇಕು.’
ಆಮೇಲೆ ಕೆಳಮಹಡಿಯ ಪಕ್ಕ ಹನ್ನೆರಡು ಸೊನ್ನೆ ಬರೆದಳು:
ಕ್ಷೌರದವನು, ಬಸ್ಸು ಓಡಿಸುವವಳು, ಯಾರೂ ಆಗಬಹುದು,
ಹನ್ನೆರಡೂ ಒಂದೇ ಮಾತು ಆಡಬೇಕು.

ಅವಳು ಹೋದಳು. ಕಾಗದ ನನ್ನ ಜೇಬಿನಲ್ಲಿ ಮಡಿಕೆ ಬಿತ್ತು.

ಜೂನಿನ ಒಂದು ಶನಿವಾರ ಗಲ್ಲಾದಿಂದ
ಎರಡು ಸಾವಿರದ ಮುನ್ನೂರ ನಲವತ್ತು ಮಾಯ.
ಸುಧೀಶನೇ, ಅಂದರು. ಹೊಸಬ, ಹತ್ತೊಂಬತ್ತರ ಪೋರ,
ಅಂದೇ ಊರಿಗೆ ಮನಿಯಾರ್ಡರ್ ಮಾಡಿದ್ದ.
ಕೋಟ್ಯಾನ್ ಸೇಠು ಬೆಲ್ಟು ಬಿಚ್ಚುವ ಮೊದಲು
ನಾನು ಆ ಕಾಗದ ತೆಗೆದೆ. ಯಾಕೆ ತೆಗೆದೆನೋ.
ಲಿಫ್ಟಿನವನನ್ನೂ ವಾಚ್‌ಮನ್ನನ್ನೂ ಸೇರಿಸಿ ಎಣಿಸಿದರೆ
ನಾವು ಸರಿಯಾಗಿ ಹನ್ನೆರಡು.

ಶಟರು ಎಳೆದು, ಕಟಿಂಗ್ ಹಂಚಿ, ಕೈ ಎತ್ತಿ ಅಂದೆ.
ಹನ್ನೊಂದು ಕೈ.
ಪಾತ್ರೆ ತಿಕ್ಕುವ ನೀಲವ್ವ, ಇಂಡಿ ಕಡೆಯವಳು,
ಸೆರಗಿಗೆ ಕೈ ಒರೆಸುತ್ತಲೇ ಇದ್ದಳು.
‘ನಾ ನೋಡಿಲ್ಲ. ನೋಡದ್ದಕ ಹೆಂಗ ಕೈ ಎತ್ಲಿ?’

ಬೈದೆವು. ಬೇಡಿಕೊಂಡೆವು. ಹನ್ನೊಂದೂ ಇಪ್ಪತ್ತರ ಲೋಕಲ್ ಹೋಯಿತು,
ಆಮೇಲೆ ಕೊನೆಯದೂ.
ಅವಳ ಗ್ಲಾಸಿನ ಮೇಲೆ ಕೆನೆ ಸುಕ್ಕುಗಟ್ಟಿತು.
‘ನೀ ನೋಡೀಯೇನು?’ ಅಂದಳು ಲಿಫ್ಟಿನವನಿಗೆ.
‘ನೀ?’ ‘ನೀ?’
ಒಬ್ಬೊಬ್ಬರ ಕೈಯೂ ತನ್ನ ತೊಡೆಯ ಮೇಲೆ
ತನಗೇ ಭಾರವಾಗಿ ಕೂತಿತು.

ಬೆಳಗಿನ ಹಾಲಿನವ ಬರುವಾಗ ಬರೆದೆವು:
ಕದ್ದಿಲ್ಲ ಅಂತಲ್ಲ.
ಕದ್ದದ್ದು ನಾವು ಯಾರೂ ಕಾಣಲಿಲ್ಲ ಅಂತ.
ಹನ್ನೆರಡು ಹೆಬ್ಬೆಟ್ಟು, ಸಹಿ ಬರುವವರದೂ.

ಸೇಠು ಓದಿದರು. ಮತ್ತೆ ಓದಿದರು.
ಬೆಲ್ಟು ಸೊಂಟದಲ್ಲೇ ಇತ್ತು.
ಗಲ್ಲಾದ ಗಾಜಿನಡಿ ಕಾಗದ ಸರಿಸಿ,
ಹುಡುಗನ ಕಡೆ ನೋಡದೆಯೇ, ‘ಕೆಟಲ್ ಹಿಡಿ’ ಅಂದರು.

ದುಡ್ಡು ಇವತ್ತಿಗೂ ಸಿಕ್ಕಿಲ್ಲ.
ಹದಿನಾರನೇ ಕೋಣೆಗೆ ಈಗ ಸುಧೀಶನೇ ಚಹಾ ಒಯ್ಯುತ್ತಾನೆ.
ಆ ಬೆಂಚಿನ ಧೂಳು ಒರೆಸಿ ತಟ್ಟೆ ಇಡುತ್ತಾನಂತೆ.

ಅವನಿಗೆ ಗೊತ್ತಿಲ್ಲ,
ಆ ರಾತ್ರಿ ಎಲ್ಲರಿಗಿಂತ ಮೊದಲು
ಎದ್ದ ಕೈ ನನ್ನದು.